ಸೀಟಿನ ಹಿಂದಿನ ಟಿಕ್ ಟಿಕ್

ಆಬಿಂಗ್ಡನ್ ದಾಟಿ ವಾಂಟೇಜ್ ಕಡೆಗೆ ಹೊರಳಿದ್ದೆವು. ಜೂನ್ ತಿಂಗಳು. ಇಂಗ್ಲೆಂಡಿನವರು ಅಂಗಳಕ್ಕೆ ಕುರ್ಚಿ ತಂದು ಹಾಕಿಕೊಳ್ಳುವಂಥ ಬಿಸಿಲು. ಕಾರಿನ ಟಾಪನ್ನು ಮಡಚಿ ಹಿಂದಕ್ಕೆ ತುರುಕಿದ್ದರಿಂದ ತಲೆಯ ಮೇಲೆ ಬರೀ ಆಕಾಶ. ಗೆಳೆಯನದು 1966ರ ಎಂಜಿಬಿ. ಎರಡೇ ಸೀಟು, ನೆಲಕ್ಕೆ ಕೂತಂತೆ ಕೂರಬೇಕು, ಪಕ್ಕದಲ್ಲಿ ಹೋಗುವ ಲಾರಿಯ ಚಕ್ರ ನಮ್ಮ ಕಿವಿಯ ಮಟ್ಟಕ್ಕೆ ಬರುತ್ತದೆ. ಸಣ್ಣದೊಂದು ಏರು ಬಂತು. ಕಾರು ಒಮ್ಮೆ ಮುಗ್ಗರಿಸಿತು, ಕೆಮ್ಮಿತು, ಮತ್ತೆ ಹಿಡಿದುಕೊಂಡಂತೆ ಮಾಡಿ ಪೂರ್ತಿ ತಣ್ಣಗಾಯಿತು. ಉರುಳಿಕೊಂಡೇ ಹೋಗಿ ಬೇಲಿಯ ಪಕ್ಕ ನಿಂತೆವು.

"ಪೆಟ್ರೋಲ್ ಮುಗೀತೇನೋ?" ಅಂದೆ.

"ಅರ್ಧ ಟ್ಯಾಂಕ್ ಇದೆ ಮಾರಾಯ. ನೀನು ಸ್ವಲ್ಪ ಸುಮ್ಮನಿರು, ಕೇಳಬೇಕು."

ಅವನು ಸಾಗರದ ಕಡೆಯವನು, ವೃತ್ತಿಯಲ್ಲಿ ಡಾಕ್ಟರು. ಕೀಯನ್ನು ಒಂದು ಗೀರಿನಷ್ಟು ತಿರುಗಿಸಿ, ಸ್ಟಾರ್ಟ್ ಮಾಡದೆ, ಕತ್ತು ವಾಲಿಸಿ ಕೂತ. ರೋಗಿಯ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟವನ ಮುಖ. ಏನೂ ಕೇಳಲಿಲ್ಲ. ಇಳಿದು ಡಿಕ್ಕಿಯಿಂದ ಒಂದು ಸ್ಪ್ಯಾನರ್ ತೆಗೆದುಕೊಂಡು, ಬಲಗಡೆಯ ಹಿಂದಿನ ಚಕ್ರದ ಮುಂದೆ ಮೊಣಕಾಲೂರಿ, ಕಾರಿನ ಹೊಟ್ಟೆಯೊಳಕ್ಕೆ ಕೈ ಹಾಕಿ ಎರಡು ಸಲ ಮೆಲ್ಲಗೆ ತಟ್ಟಿದ. ಟಕ್ ಟಕ್ ಟಕ್ ಟಕ್ ಎಂದು ಒಳಗೆ ಯಾರೋ ಎದ್ದು ಕೂತರು. ಹತ್ತು ಹನ್ನೆರಡು ಸಲ ಬಡಬಡನೆ ಬಡಿದು, ನಿಧಾನವಾಗಿ, ಕೊನೆಗೆ ನಿಂತಿತು. ಈಗ ಕೀ ತಿರುಗಿಸಿದರೆ ಎಂಜಿನ್ ಒಂದೇ ಏಟಿಗೆ ಹತ್ತಿತು.

"ಪಂಪು" ಎಂದ, ಕೈ ಒರೆಸಿಕೊಳ್ಳುತ್ತ. "ಇನ್ನೊಂದು ಇಪ್ಪತ್ತು ಮೈಲಿ ಬಂದರೆ ಪುಣ್ಯ."

ಹದಿನಾಲ್ಕು ಮೈಲಿ ಬಂತು. ದಾರಿಯಲ್ಲಿ ಮೂರು ಸಲ ತಟ್ಟಿದೆವು. ಕೊನೆಯ ಸಲ ನನಗೇ ಆ ಗೌರವ ಸಿಕ್ಕಿತು.

ಬಡಿದರೆ ಸರಿಹೋಗುವ ಯಂತ್ರಗಳನ್ನು ಕಂಡರೆ ನಮಗೆಲ್ಲ ಒಂದು ಸಲುಗೆ. ಹಳೆಯ ಟಿ.ವಿ.ಯ ನೆತ್ತಿಗೆ ಕೊಟ್ಟವರು ನಾವು. ಆದರೆ ಈ ಪಂಪಿಗೆ ಏಟು ಹಾಕುವುದರಲ್ಲಿ ಒಂದು ಶಾಸ್ತ್ರವಿದೆ. ಇದು ಎಸ್‌ಯು ಕಂಪನಿಯ ವಿದ್ಯುತ್ ಪಂಪು. ಹಳೆಯ ಸ್ಕೂಟರು, ಬೈಕುಗಳಲ್ಲಿ ಸಿಬಿ ಪಾಯಿಂಟ್ ಇರುತ್ತಿತ್ತಲ್ಲ, ಅಂಥದೇ ಒಂದು ಜೋಡಿ ಟಂಗ್‌ಸ್ಟನ್ ಪಾಯಿಂಟ್ ಇದರ ತಲೆಯಲ್ಲಿದೆ. ಪ್ರತಿ ಟಿಕ್‌ಗೂ ಒಂದು ಕಿಡಿ ಹಾರಿ, ವರ್ಷಗಳು ಹೋದಂತೆ ಪಾಯಿಂಟಿನ ಮೈ ಸುಟ್ಟು ಕರಕಲಾಗುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೂ ಅಷ್ಟೇ, ಲೋಹದ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ಎರಡು ಪಾಯಿಂಟು ಮುಟ್ಟಿಕೊಂಡಂತೆ ಕಾಣುತ್ತವೆ, ಕರೆಂಟು ಮಾತ್ರ ದಾಟುವುದಿಲ್ಲ. ಹೊರಗಿನಿಂದ ತಟ್ಟಿದಾಗ ಅವು ಒಂದರ ಮೇಲೊಂದು ಕೂದಲೆಳೆಯಷ್ಟು ಜರುಗಿ, ಹೊಸ ಜಾಗದಲ್ಲಿ ಲೋಹಕ್ಕೆ ಲೋಹ ತಾಗುತ್ತದೆ. ಅಷ್ಟೇ ಗುಟ್ಟು. ಕೀ ಆನ್ ಇರುವಾಗಲೇ ತಟ್ಟಬೇಕು, ಸುತ್ತಿಗೆಯಿಂದಲ್ಲ, ಸ್ಪ್ಯಾನರಿನ ಹಿಡಿಯಿಂದ.

ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ತಲುಪಿಸುವುದು ಎಂಥ ದೊಡ್ಡ ಕೆಲಸ ಎಂದು ಈಗಿನವರಿಗೆ ಅನಿಸಬಹುದು. ಕಾರು ಹುಟ್ಟಿದ ಮೊದಲ ದಿನಗಳಲ್ಲಿ ಅದು ನಿಜಕ್ಕೂ ತಲೆನೋವೇ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯಲ್ಲಿ ಪಂಪೇ ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಕಾರ್ಬ್ಯುರೇಟರಿಗೆ ಹೋಗುತ್ತಿತ್ತು. ಕಡಿದಾದ ಏರಿನಲ್ಲಿ ಎಂಜಿನ್ ಮೇಲಾಗಿ ಟ್ಯಾಂಕು ಕೆಳಗಾಗುತ್ತದಲ್ಲ, ಆಗ? ಜನ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಗುಡ್ಡ ಹತ್ತುತ್ತಿದ್ದರು. ಆಮೇಲೆ ಆಟೋವ್ಯಾಕ್ ಎಂಬ ಡಬ್ಬಿ ಬಂತು. ಎಂಜಿನ್ನು ಉಸಿರೆಳೆದುಕೊಳ್ಳುವ ನಿರ್ವಾತದಿಂದಲೇ ಪೆಟ್ರೋಲನ್ನು ಮೇಲೆತ್ತುವ ಉಪಾಯ. ಅದಕ್ಕೂ ಏರೇ ಶತ್ರು: ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಾಗ ಆ ನಿರ್ವಾತ ಸಡಿಲವಾಗುತ್ತದೆ, ಉದ್ದದ ಘಟ್ಟದಲ್ಲಿ ಡಬ್ಬಿ ಬರಿದಾಗುತ್ತದೆ. ಎಸ್‌ಯು ವಿದ್ಯುತ್ ಪಂಪು ಬಂದಮೇಲೆ ಈ ರಗಳೆ ಮುಗಿಯಿತು. ಎಂಜಿನ್ ಏನೇ ಮಾಡಿಕೊಳ್ಳಲಿ, ಬ್ಯಾಟರಿ ಇದ್ದರೆ ಸಾಕು, ಪೆಟ್ರೋಲು ಬರುತ್ತದೆ.

ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಲಂಡನ್ನಿನಲ್ಲಿ ಹೆಸರುವಾಸಿಯಾದ ಲಿಲ್ಲಿ ಅಂಡ್ ಸ್ಕಿನ್ನರ್ ಎಂಬ ಪಾದರಕ್ಷೆ ವ್ಯಾಪಾರದ ಮನೆತನದ ಹುಡುಗ ಜಾರ್ಜ್ ಹರ್ಬರ್ಟ್ ಸ್ಕಿನ್ನರ್, ತಮ್ಮನ ಜೊತೆ ಸೇರಿ ಕಾರ್ಬ್ಯುರೇಟರ್ ಮಾಡಲು ಹೊರಟಾಗ ಅದರೊಳಗೆ ಹಾಕಿದ್ದು ಚರ್ಮದ ತಿದಿ. ಮನೆಯಲ್ಲಿ ಚರ್ಮಕ್ಕೆ ಬರವೇ? 1926ರಲ್ಲಿ ಈ ಕಂಪನಿಯನ್ನು ಡಬ್ಲ್ಯು.ಆರ್. ಮಾರಿಸ್ ಕೊಂಡುಕೊಂಡರು. ಆಕ್ಸ್‌ಫರ್ಡಿನಲ್ಲಿ ಸೈಕಲ್ ರಿಪೇರಿಯಿಂದ ಶುರುಮಾಡಿ ಬ್ರಿಟನ್ನಿನ ದೊಡ್ಡ ಕಾರು ತಯಾರಕರಾದ ಮನುಷ್ಯ. ಅವರ ಮಾರಿಸ್ ಗ್ಯಾರೇಜಸ್‌ನ ಎರಡು ಪದಗಳ ಮೊದಲಕ್ಷರಗಳೇ ಎಂಜಿ. ಇವತ್ತು ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಕಾಣುವ ಎಂಟು ಮೂಲೆಯ ಎಂಜಿ ಲಾಂಛನ ಅಲ್ಲಿಂದ ಬಂದದ್ದು, ಮಾಲೀಕರು ಮಾತ್ರ ಬೇರೆ. ಆಬಿಂಗ್ಡನ್ನಿನ ಎಂಜಿ ಕಾರ್ಖಾನೆ 1980ರಲ್ಲಿ ಮುಚ್ಚಿತು. 1962ರಿಂದ ಅಲ್ಲಿಯವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಅಲ್ಲಿಂದ ಹೊರಬಿದ್ದವು, ಬಹುಪಾಲು ಅಮೆರಿಕಕ್ಕೆ ಹಡಗು ಹತ್ತಿದವು.

ಪಂಪಿನ ಒಳಗಿನ ಆಟವನ್ನು ಹೇಳಿಬಿಡುತ್ತೇನೆ, ಸ್ವಲ್ಪ ಸಾವಧಾನ ಬೇಕು. ಮೇಲ್ಗಡೆ ತಂತಿ ಸುತ್ತಿದ ಕಾಯಿಲ್, ಅದರ ಕೆಳಗೆ ಕಬ್ಬಿಣದ ಬಿಲ್ಲೆ, ಬಿಲ್ಲೆಗೆ ಅಂಟಿದಂತೆ ಬಟ್ಟೆ-ರಬ್ಬರಿನ ಡಯಾಫ್ರಂ. ಕರೆಂಟು ಬಂದಾಗ ಕಾಯಿಲ್ ಅಯಸ್ಕಾಂತವಾಗಿ ಬಿಲ್ಲೆಯನ್ನು ಎಳೆದುಕೊಳ್ಳುತ್ತದೆ, ಡಯಾಫ್ರಂ ಹಿಂದಕ್ಕೆ ಸರಿದು ಟ್ಯಾಂಕಿನ ಪೆಟ್ರೋಲು ಒಳಗೆ ಬರುತ್ತದೆ. ಎಳೆತ ಕೊನೆ ಮುಟ್ಟಿದಾಗ ಮೇಲಿನ ಪುಟ್ಟ ರಾಕರ್ ಪಲ್ಟಿ ಹೊಡೆದು ಪಾಯಿಂಟುಗಳನ್ನು ಬಿಡಿಸುತ್ತದೆ. ಕರೆಂಟು ಕಡಿಯಿತು. ಈಗ ಸ್ಪ್ರಿಂಗಿನ ಸರದಿ. ಅದು ಡಯಾಫ್ರಂ ಅನ್ನು ಮುಂದಕ್ಕೆ ದೂಡಿ ಪೆಟ್ರೋಲನ್ನು ಎಂಜಿನ್ನಿನತ್ತ ಕಳಿಸುತ್ತದೆ. ದೂಡಿ ಮುಗಿದಾಗ ರಾಕರ್ ಮತ್ತೆ ಪಲ್ಟಿ, ಪಾಯಿಂಟು ಕೂಡುತ್ತವೆ. ಟಿಕ್.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಪೆಟ್ರೋಲನ್ನು ದೂಡುವುದು ಕರೆಂಟಲ್ಲ, ಸ್ಪ್ರಿಂಗು. ಹಾಗಾಗಿ ಒತ್ತಡ ಯಾವಾಗಲೂ ಸ್ಪ್ರಿಂಗಿನಷ್ಟೇ, ಮೂರು ಪಿಎಸ್‌ಐ ಒಳಗೆ. ಕಾರ್ಬ್ಯುರೇಟರಿನ ಬಟ್ಟಲು ತುಂಬಿ ಅದರ ಸೂಜಿ ಬಾಗಿಲು ಮುಚ್ಚಿಕೊಂಡರೆ ಸ್ಪ್ರಿಂಗ್ ದೂಡಲಾಗದೆ ಅರ್ಧದಲ್ಲೇ ನಿಲ್ಲುತ್ತದೆ. ಪಾಯಿಂಟು ಕೂಡುವುದಿಲ್ಲ, ಕರೆಂಟೂ ಹರಿಯುವುದಿಲ್ಲ. ಎಂಜಿನ್ ಒಂದು ಗುಟುಕು ಕುಡಿದರೆ ಪಂಪು ಒಂದು ಗುಟುಕು ಬಡಿಸುತ್ತದೆ. ಪಂಕ್ತಿಯಲ್ಲಿ ಎಲೆ ಖಾಲಿಯಾದದ್ದನ್ನು ನೋಡಿ ಬಂದು ಬಡಿಸುವವರಿದ್ದಾರಲ್ಲ, ಹಾಗೆ. ಇದಕ್ಕೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ.

ಮಾರಿಸ್ ಮೈನರ್ ನೋಡಿದ ಹಿರಿಯರಿಗೆ ಈ ಸದ್ದು ಹೊಸದಲ್ಲ. ನಮ್ಮಲ್ಲಿ ಬೇಬಿ ಹಿಂದುಸ್ತಾನ್ ಎಂಬ ಹೆಸರಿನಲ್ಲಿ ಓಡಾಡಿದ ಆ ಕಾರಿನ ಬಾನೆಟ್ಟಿನ ಒಳಗೂ ಎಸ್‌ಯು ಟಿಕ್ ಟಿಕ್ ಅನ್ನುತ್ತಿತ್ತು. ಅಂಬಾಸಡರ್ ಬೇರೆ ದಾರಿ ಹಿಡಿಯಿತು. ವಿಚಿತ್ರವೆಂದರೆ ಎಂಜಿಬಿಯ 1798 ಸಿಸಿ ಎಂಜಿನ್ನೂ ನಮ್ಮ ಹಳೆಯ ಅಂಬಾಸಡರಿನ 1489 ಸಿಸಿ ಎಂಜಿನ್ನೂ ದಾಯಾದಿಗಳು, ಎರಡೂ ಬ್ರಿಟನ್ನಿನ ಬಿ-ಸೀರೀಸ್ ಮನೆಯವು. ಬಾನೆಟ್ ಎತ್ತಿದಾಗ ನನಗೆ ಸೋದರತ್ತೆ ಮಗನನ್ನು ವಿದೇಶದಲ್ಲಿ ಕಂಡಂತಾಯಿತು. ಆದರೆ ಅಂಬಾಸಡರಿನ ಪಂಪು ಎಂಜಿನ್ನಿನ ಪಕ್ಕೆಗೇ ಕೂತು, ಕ್ಯಾಮ್ ತಟ್ಟಿದಂತೆಲ್ಲ ಕೆಲಸ ಮಾಡುವ ಮೆಕ್ಯಾನಿಕಲ್ ಪಂಪು. ಏಪ್ರಿಲ್ ಬಿಸಿಲಿನಲ್ಲಿ ಶಿರಾಡಿ ಘಾಟಿಯಲ್ಲಿ ಕಾರು ನಿಲ್ಲಿಸಿ, ಡ್ರೈವರು ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಎಷ್ಟೋ ಜನರಿಗೆ ನೆನಪಿರಬಹುದು. ಬಿಸಿ ಎಂಜಿನ್ನಿನ ಪಕ್ಕದ ಪಂಪು ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಬೇಕು. ಹೀರುವಾಗ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದ ಪೆಟ್ರೋಲು ಕಡಿಮೆ ಬಿಸಿಗೇ ಕುದಿದು ಆವಿಯಾಗುತ್ತದೆ, ಆವಿಯನ್ನು ಪಂಪು ಎತ್ತಲಾರದು. ಎಂಜಿಬಿಯಲ್ಲಿ ಪಂಪನ್ನು ಟ್ಯಾಂಕಿನ ಹತ್ತಿರ, ಸೀಟುಗಳ ಹಿಂದೆ ತಳದಲ್ಲಿ ಕೂರಿಸಿದ್ದಾರೆ. ದೂರದಿಂದ ಹೀರುವ ಬದಲು ಹತ್ತಿರದಿಂದ ತೆಗೆದು ಮುಂದಕ್ಕೆ ದೂಡುತ್ತದೆ. ಒದ್ದೆ ಬಟ್ಟೆಯ ಗೊಡವೆ ಬಹುಮಟ್ಟಿಗೆ ತಪ್ಪಿತು. ಬದಲಿಗೆ ಬೇರೆ ಶನಿ ಹೆಗಲೇರಿತು: ಆ ಜಾಗ ಹಿಂದಿನ ಚಕ್ರದ ನೇರಕ್ಕಿದೆ. ಮಳೆಗಾಲದ ಕೆಸರು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎಲ್ಲ ಪಂಪಿನ ಮುಖಕ್ಕೇ. ಆಮೇಲಿನ ಎಂಜಿಬಿಗಳಲ್ಲಿ ಅದರ ವಿದ್ಯುತ್ ತಲೆಯನ್ನು ಡಿಕ್ಕಿಯೊಳಕ್ಕೆ ಸರಿಸಿದರು. ಬುದ್ಧಿ ಸ್ವಲ್ಪ ತಡವಾಗಿ ಬಂತು.

ಗೆಳೆಯ ಈ ಕಾರನ್ನು ಅದೇ ವಸಂತದಲ್ಲಿ ಒಂದು ಗ್ಯಾರೇಜಿಗೆ ಬಿಟ್ಟಿದ್ದನಂತೆ. ಅವರು ಪ್ಲಗ್ ಬದಲಿಸಿದರು, ಎರಡು ಕಾರ್ಬ್ಯುರೇಟರುಗಳನ್ನೂ ಬಿಚ್ಚಿ ಜೋಡಿಸಿದರು, ಉದ್ದದ ಬಿಲ್ ಕೊಟ್ಟರು. ಪಂಪಿನ ಕಡೆ ಯಾರೂ ಕಿವಿ ಕೊಡಲಿಲ್ಲ. ಕಿವಿ ಕೊಟ್ಟಿದ್ದರೆ ಅರ್ಧ ರೋಗ ಅದೇ ಹೇಳುತ್ತಿತ್ತು. ಕೀ ಆನ್ ಮಾಡಿದಾಗ ಬಡಬಡ ಬಡಿದು, ಬಟ್ಟಲು ತುಂಬಿದ ಮೇಲೆ ಸುಮ್ಮನಾದರೆ ಆರೋಗ್ಯ. ಎಂಜಿನ್ ಓಡದಿರುವಾಗ ಅರ್ಧ ನಿಮಿಷಕ್ಕೊಮ್ಮೆ ಒಂದು ಟಿಕ್ ಬಂದರೂ ಚಿಂತೆಯಿಲ್ಲ. ಬಿಡುವಿಲ್ಲದೆ ಬಡಿಯುತ್ತಿದೆ, ಪೆಟ್ರೋಲ್ ಮಾತ್ರ ಮುಂದೆ ಹೋಗುತ್ತಿಲ್ಲ ಅಂದರೆ ಟ್ಯಾಂಕು ಖಾಲಿ, ಇಲ್ಲವೇ ಹೀರುವ ಕಡೆಯ ಪೈಪಿನಲ್ಲಿ ಗಾಳಿ ನುಸುಳುತ್ತಿದೆ. ಬಿಡುವಿಲ್ಲದೆ ಬಡಿಯುತ್ತಿದೆ, ಬಾನೆಟ್ ಕೆಳಗೆ ಪೆಟ್ರೋಲ್ ವಾಸನೆಯೂ ಬರುತ್ತಿದೆ ಅಂದರೆ ಕಾರ್ಬ್ಯುರೇಟರಿನ ಸೂಜಿಗೆ ಕಚ್ರಾ ಸಿಕ್ಕಿಕೊಂಡು ಪೆಟ್ರೋಲು ಹೊರಗೆ ಚೆಲ್ಲುತ್ತಿದೆ. ತಕ್ಷಣ ಕೀ ಆಫ್ ಮಾಡಿ. ಎಳೆದೆಳೆದು ನಿಧಾನವಾಗಿ ಬಡಿದರೆ ಎಲ್ಲೋ ಕಟ್ಟಿಕೊಂಡಿದೆ. ಒಮ್ಮೊಮ್ಮೆ ಟ್ಯಾಂಕಿಗೆ ಗಾಳಿ ಹೋಗುವ ತೂತೇ ಮುಚ್ಚಿರುತ್ತದೆ. ಮುಚ್ಚಳ ತೆಗೆದಾಗ ಉಸ್ಸೆಂದರೆ ಅದೇ. ಸದ್ದೇ ಇಲ್ಲದಿದ್ದರೆ ಮೊದಲು ವೈರು ನೋಡಿ, ಅರ್ತ್ ನೋಡಿ, ಆಮೇಲೆ ಪಂಪು. ಅರ್ತ್ ವೈರಿನ ಒಂದು ತುಕ್ಕು ಹಿಡಿದ ನಟ್ಟಿಗಾಗಿ ಒಳ್ಳೆಯ ಪಂಪನ್ನು ಎಸೆದವರು ಬೇಕಾದಷ್ಟಿದ್ದಾರೆ.

ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಕೆಲಸಕ್ಕಿಳಿದೆವು. ಮೊದಲು ಬ್ಯಾಟರಿ ಬಿಚ್ಚಿದೆವು. ಒಂದಲ್ಲ, ಸೀಟಿನ ಹಿಂದೆ ಆರಾರು ವೋಲ್ಟಿನ ಎರಡು. ಗೆಳೆಯನ ಮನೆಯ ಗ್ಯಾರೇಜಿನ ಬಾಗಿಲನ್ನು ಹಾರು ಹೊಡೆದು ತೆರೆದಿಟ್ಟೆವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಈ ಕೆಲಸವನ್ನು ಗುಂಡಿಯಲ್ಲಿ ಇಳಿದು ಮಾಡಬಾರದು. ಜಾಕ್ ಮೇಲೆ ಎತ್ತಿ, ಅದನ್ನು ನಂಬದೆ ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದು, ಅಂಗಾತ ಮಲಗಿ ಪೈಪು ಬಿಚ್ಚಿದರೆ ಮೊದಲ ಗುಟುಕು ತೋಳಿನೊಳಕ್ಕೆ ಇಳಿದು ಕಂಕುಳು ತಣ್ಣಗಾಗುತ್ತದೆ. ಅದು ಯಾರಿಗೂ ತಪ್ಪಿದ್ದಲ್ಲ.

ಟೇಬಲ್ಲಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಪಂಪನ್ನಿಟ್ಟೆವು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಮೇಲೊಂದು ಕಪ್ಪು ಟೊಪ್ಪಿ. ಟೊಪ್ಪಿ ತೆಗೆದಾಗ ಪಾಯಿಂಟುಗಳು ಕಂಡವು. ಒಂದರ ಮೈಮೇಲೆ ಸಣ್ಣ ಗುಡ್ಡ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಗುಂಡಿ, ಸುತ್ತ ಮಸಿ. ನಯವಾದ ಎಮರಿ ಪೇಪರ್ ಎಳೆದು ಇನ್ನಷ್ಟು ದಿನ ತಳ್ಳಬಹುದಿತ್ತು. ಆದರೆ ಬುಡದ ಆರು ಸ್ಕ್ರೂ ಬಿಚ್ಚಿ ನೋಡಿದರೆ ಡಯಾಫ್ರಂ ಹಳೆಯ ಚಪ್ಪಲಿಯ ಅಟ್ಟೆಯಂತೆ ಬಿರುಸಾಗಿತ್ತು. ಪೆಟ್ರೋಲು ನಿಂತೂ ನಿಂತು ಆರಿ, ವಾರ್ನಿಷ್ ಬಣ್ಣದ ಅಂಟು ಹಿಡಿದಿತ್ತು. ರಿಪೇರಿ ಕಿಟ್ ತರಿಸಿಟ್ಟಿದ್ದು ಒಳ್ಳೆಯದಾಯಿತು.

ಡಯಾಫ್ರಂ ಅನ್ನು ತಿರುಗಿಸಿ ಹೊರತೆಗೆಯುವಾಗ ಗೆಳೆಯ ಎಚ್ಚರಿಸಿದ್ದ: ಒಳಗೆ ಬಿಲ್ಲೆಯ ಸುತ್ತ ಹಿತ್ತಾಳೆಯ ಪುಟ್ಟ ರೋಲರುಗಳಿವೆ, ಹನ್ನೊಂದು, ಉದುರುತ್ತವೆ. ಉದುರಿದವು. ಎಣಿಸಿದರೆ ಹತ್ತು. ಬೆಡ್‌ಶೀಟ್ ಕೊಡವಿದೆವು, ಟಾರ್ಚು ಹಾಕಿ ನೆಲದ ಮೇಲೆ ತೆವಳಿದೆವು, ಇಬ್ಬರು ಅರವತ್ತು ದಾಟಿದ ಗಂಡಸರು. ಹನ್ನೊಂದನೆಯದು ನನ್ನ ಪ್ಯಾಂಟಿನ ಮಡಿಕೆಯಲ್ಲಿತ್ತು. ಆಮೇಲಿನ ಪಂಪುಗಳಲ್ಲಿ ರೋಲರುಗಳ ಬದಲು ಒಂದು ಪ್ಲಾಸ್ಟಿಕ್ ತುಂಡು ಹಾಕಿದ್ದಾರೆ. ಯಾರೋ ನಮ್ಮಂಥವರ ಮೇಲೆ ಕರುಣೆ ತೋರಿದ್ದು.

ಜೋಡಿಸುವಾಗಿನ ಸೆಟ್ಟಿಂಗ್ ಕೈಗೆ ಬರಲು ತಾಳ್ಮೆ ಬೇಕು. ಪಾಯಿಂಟಿನ ಬ್ಲೇಡನ್ನು ತೆಗೆದಿಟ್ಟು, ಹೊಸ ಡಯಾಫ್ರಂ ಅನ್ನು ತಿರುಗಿಸುತ್ತ ಒಳಕ್ಕೆ ಹಾಕಬೇಕು, ಹೆಬ್ಬೆರಳಿನಿಂದ ಒತ್ತಿದರೂ ರಾಕರ್ ಪಲ್ಟಿ ಹೊಡೆಯದಷ್ಟು. ಆಮೇಲೆ ಒಂದೊಂದೇ ಸ್ಕ್ರೂ ತೂತಿನಂತೆ, ಅಂದರೆ ಆರನೇ ಒಂದು ಸುತ್ತಿನಂತೆ, ಹಿಂದಕ್ಕೆ ಬಿಚ್ಚುತ್ತ ಪ್ರತಿ ಸಲ ಒತ್ತಿ ನೋಡಬೇಕು. ಎಲ್ಲೋ ಒಂದು ಕಡೆ 'ಟಕ್' ಎಂದು ರಾಕರ್ ಹೊರಳುತ್ತದೆ. ಅಲ್ಲಿಂದ ಇನ್ನೂ ನಾಲ್ಕು ತೂತು ಬಿಚ್ಚಿ ನಿಲ್ಲಿಸಬೇಕು. ಮೂರಲ್ಲ, ಐದಲ್ಲ. ಕಮ್ಮಿಯಾದರೆ ಪಂಪು ಬೇಗ ಮೊಂಡು ಹಿಡಿಯುತ್ತದೆ, ಹೆಚ್ಚಾದರೆ ಎಳೆತ ಗಿಡ್ಡವಾಗಿ ಪೆಟ್ರೋಲು ಸಾಲದು. ಗೆಳೆಯ ಎಣಿಸುವಾಗ ಬಾಯಿ ಮುಚ್ಚಿಕೊಂಡಿರು ಎಂದು ನನಗೆ ಸನ್ನೆ ಮಾಡಿದ. ಡಾಕ್ಟರ ಕೈ ನಡುಗಲಿಲ್ಲ.

ಇಷ್ಟೆಲ್ಲ ಒದ್ದಾಡುವ ಬದಲು ಹೊಸದು ಹಾಕಬಾರದೇ? ಹಾಕಬಹುದು. ಸಾಲಿಸ್‌ಬರಿಯ ಬರ್ಲೆನ್ ಕಂಪನಿ ಎಸ್‌ಯು ಪಂಪುಗಳನ್ನು ಇವತ್ತಿಗೂ ಹೊಸದಾಗಿ ತಯಾರಿಸುತ್ತದೆ. ಪಾಯಿಂಟ್ ಇರುವುದೂ ಸಿಗುತ್ತದೆ, ಪಾಯಿಂಟ್ ಜಾಗದಲ್ಲಿ ಎಲೆಕ್ಟ್ರಾನಿಕ್ಸ್ ಇರುವುದೂ ಸಿಗುತ್ತದೆ. ನೋಡಲು ಒಂದೇ ಥರ, ಟಿಕ್ ಕೂಡ ಅದೇ. ಕಿಡಿಯಿಲ್ಲ, ಸವೆತವಿಲ್ಲ. ಆದರೆ 1966ರ ಎಂಜಿಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ತ್, ಈಗಿನ ಕಾರುಗಳಿಗೆ ತದ್ವಿರುದ್ಧ. ಪಾಯಿಂಟಿನ ಸಾದಾ ಪಂಪಿಗೆ ಕರೆಂಟು ಯಾವ ಕಡೆಯಿಂದ ಬಂದರೂ ನಡೆಯುತ್ತದೆ. ಎಲೆಕ್ಟ್ರಾನಿಕ್ ಪಂಪನ್ನು ನೋಡದೆ ಉಲ್ಟಾ ಜೋಡಿಸಿದರೆ ಹೊಗೆ ನೋಡಬೇಕಾದೀತು. ಇನ್ನು ಕೆಲವರು ಈಗಿನ ಇಂಜೆಕ್ಷನ್ ಕಾರಿನ ಪಂಪನ್ನು ತಂದು ಕಟ್ಟುತ್ತಾರೆ. ಅದು ನಲವತ್ತು ಪಿಎಸ್‌ಐಗೂ ಮೇಲೆ ದೂಡುವ ಪಂಪು. ಮೂರಕ್ಕೆ ಪಳಗಿದ ಕಾರ್ಬ್ಯುರೇಟರ್ ಅದರ ಮುಂದೆ ಉಕ್ಕಿ ಹರಿಯುತ್ತದೆ, ಕೆಳಗೆ ಬಿಸಿ ಸೈಲೆನ್ಸರ್ ಪೈಪು. ದಯವಿಟ್ಟು ಬೇಡ.

ಗೆಳೆಯನಿಗೂ ನನಗೂ ಇಲ್ಲಿ ಜಗಳ. ಅವನಿಗೆ ರಾತ್ರಿ ಪಾಳಿಯಿಂದ ವಾಪಸು ಬರುವಾಗ ದಾರಿಯಲ್ಲಿ ಮಂಡಿಯೂರುವುದು ಸಾಕಾಗಿದೆ, ಎಲೆಕ್ಟ್ರಾನಿಕ್ ಹಾಕಿಬಿಡೋಣ ಎಂದ. ನನ್ನ ವಾದ ಬೇರೆ. ಪಾಯಿಂಟಿನ ಪಂಪು ಸಾಯುವ ಮುಂಚೆ ತಿಂಗಳುಗಟ್ಟಲೆ ನರಳುತ್ತದೆ, ತಟ್ಟಿದರೆ ಮನೆ ಮುಟ್ಟಿಸುತ್ತದೆ. ಎಲೆಕ್ಟ್ರಾನಿಕ್ಸ್ ಹೇಳದೆ ಕೇಳದೆ ಹೋಗುತ್ತದೆ, ಆಮೇಲೆ ಎಷ್ಟು ತಟ್ಟಿದರೂ ಬರುವುದಿಲ್ಲ. ಕೊನೆಗೆ ರಿಪೇರಿಯಾದದ್ದು ಕಾರಿಗೆ, ಹೊಸ ಎಲೆಕ್ಟ್ರಾನಿಕ್ ಪಂಪು ಡಿಕ್ಕಿಗೆ ಎಂದು ರಾಜಿಯಾಯಿತು. ದಿನವೂ ಓಡಿಸುವ ಕಾರಾಗಿದ್ದರೆ ನಾನು ಸೋಲುತ್ತಿದ್ದೆ, ಅದೂ ನಿಜ.

ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು: ರಬ್ಬರ್ ಪೈಪು ಯಾವುದನ್ನೂ ಹಳೆಯದು ಬಿಡಬಾರದು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥೆನಾಲ್ ಇದೆ. ನಮ್ಮಲ್ಲಿ ಶೇ 20ರ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ, ಗಾಳಿಯ ತೇವವನ್ನು ಎಳೆದುಕೊಂಡು ಟ್ಯಾಂಕಿನ ತಳಕ್ಕೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಪುಡಿ ನೇರ ಪಂಪಿನ ಜಾಲರಿಗೆ ಬರುತ್ತದೆ. ಪಂಪು ಸತ್ತಿತು ಎಂದು ಬೈಯುವ ಮುಂಚೆ ಪೈಪನ್ನು ಬಗ್ಗಿಸಿ ನೋಡಿದರೆ ಎಷ್ಟೋ ಸಲ ಕಳ್ಳ ಅಲ್ಲೇ ಸಿಗುತ್ತಾನೆ.

ಸಂಜೆಗೆ ಪಂಪು ತನ್ನ ಜಾಗ ಸೇರಿತು. ಕಾರ್ಬ್ಯುರೇಟರ್ ಕಡೆಯ ಪೈಪನ್ನು ಒಂದು ತಗಡಿನ ಡಬ್ಬಿಗೆ ಬಿಟ್ಟು ಕೀ ತಿರುಗಿಸಿದೆವು. ಅರ್ಧ ನಿಮಿಷದಲ್ಲಿ ಒಂದು ಪೈಂಟ್, ಅಂದರೆ 570 ಮಿಲಿಲೀಟರಿನ ಹತ್ತಿರ, ಬಂದರೆ ಪಾಸು. ಗೆಳೆಯನ ಹೆಂಡತಿ ಅಡುಗೆಮನೆಯ ಅಳತೆ ಜಗ್ಗನ್ನು ಕೊಡಲು ಖಡಾಖಂಡಿತ ಒಪ್ಪಿರಲಿಲ್ಲವಾದ್ದರಿಂದ ಹಾಲಿನ ಬಾಟಲಿಯಲ್ಲಿ ನೀರು ಅಳೆದು ಡಬ್ಬಿಗೆ ಮೊದಲೇ ಗೀಟು ಹಾಕಿ, ಒಣಗಿಸಿಟ್ಟುಕೊಂಡಿದ್ದೆವು. ಇಪ್ಪತ್ತೇಳು ಸೆಕೆಂಡಿಗೆ ಗೀಟು ಮುಟ್ಟಿತು. ಪೈಪು ಜೋಡಿಸಿ ಮತ್ತೆ ಕೀ ತಿರುಗಿಸಿದಾಗ ಹದಿನಾಲ್ಕು ಟಿಕ್, ಆಮೇಲೆ ಮೌನ.

ನಿಮ್ಮ ತಾತನ ಮನೆಯ ಷೆಡ್ಡಿನಲ್ಲಿ ಹಳೆಯ ಮಾರಿಸ್ ಇದ್ದು, ಅದರ ಬಾನೆಟ್ ಒಳಗೆ ಕಪ್ಪು ಟೊಪ್ಪಿಯ ಇಂಥದೊಂದು ಡಬ್ಬಿ ಕಂಡರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಡಯಾಫ್ರಂ, ಪಾಯಿಂಟು, ವಾಲ್ವು ಎಲ್ಲವೂ ಕಿಟ್ಟಿನಲ್ಲಿ ಈಗಲೂ ಸಿಗುತ್ತವೆ.